ಅತ್ತೆಯ ಜೊತೆ ವಾದಿಸಿ ಕಲಿತ ಇಂಗ್ಲಿಷ್

ನನ್ನ ಮೈದುನನ ಹೆಂಡತಿ ಆಲಮೇಲದ ಕಡೆಯವಳು. ಮದುವೆಯಾಗಿ ಮುದ್ದೇಬಿಹಾಳದ ನಮ್ಮ ಮನೆಗೆ ಬಂದ ಸ್ವಲ್ಪ ದಿನಕ್ಕೇ ತರಕಾರಿ ಗಾಡಿಯವನು ನಮ್ಮ ಬಾಗಿಲು ಬಂತೆಂದರೆ ಗಂಟಲು ಸರಿಮಾಡಿಕೊಳ್ಳತೊಡಗಿದ್ದ. ಬದನೆಕಾಯಿ ನಿನ್ನೆಯದೋ ಇವತ್ತಿನದೋ ಎಂಬುದರ ಮೇಲೆ ಅವನನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ವಾದಿಸುತ್ತಿದ್ದಳು. ಕೊನೆಗೆ ಅವನೇ ನಗುತ್ತ ಒಂದಿಷ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿ ಮುಂದೆ ಹೋಗುತ್ತಿದ್ದ. ಅವಳ ವಾದದಲ್ಲಿ ಸಿಟ್ಟೆಂಬುದು ಇರುತ್ತಿರಲಿಲ್ಲ. ನಮಗೆಲ್ಲ ಚಹಾ ಹೇಗೋ ಅವಳಿಗೆ ವಾದ ಹಾಗೆ.

ಅಂಥವಳು ಒಂದು ಸಂಜೆ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತ ಕೂತಿದ್ದು, ದನಿ ತಗ್ಗಿಸಿ ಕೇಳಿದಳು.

“ಅಕ್ಕಾ, ಪಿಯುಸಿದಾಗ ಇಂಗ್ಲಿಷ್ ಒಂದ ಉಳದೈತಿ. ಮತ್ತ ಪರೀಕ್ಷಾ ಕಟ್ಟತೇನಿ. ನೀವು ಕಲಸ್ತೀರೇನು?”

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಮರುದಿನವೇ ಶಾಲೆಯಲ್ಲಿ ಮಾಡುವಂತೆ ಒಂದಿಷ್ಟು ಪದ ಬರೆದು, ಎದುರಿಗೆ ಕನ್ನಡದ ಅರ್ಥ ಬರೆದು ಕೊಟ್ಟೆ. ರೊಟ್ಟಿ ಬಡಿಯುತ್ತ ಅವಳು ಬಾಯಿಪಾಠ ಮಾಡುತ್ತಿದ್ದಳು. ಸಂಜೆ ಕೇಳಿದರೆ ಒಂದೂ ಬರುತ್ತಿರಲಿಲ್ಲ. ನಾನು ಇನ್ನಷ್ಟು ಬರೆದು ಕೊಡುತ್ತಿದ್ದೆ, ಅವೂ ಹಾಗೇ ಹೋಗುತ್ತಿದ್ದವು. ತಿಂಗಳು ಕಳೆಯುವುದರೊಳಗೆ ಅವಳ ಮುಖ ಸಣ್ಣದಾಯಿತು.

“ಇವು ನನ್ನ ತಲ್ಯಾಗ ನಿಂದ್ರವಲ್ಲವು ಅಕ್ಕಾ. ಬಿಟ್ಟಬಿಡೂಣೇನು?”

“ಇನ್ನೊಂದು ವಾರ ನೋಡೂಣು,” ಎಂದೆ.

ಅದೇ ವಾರ ಇಂಡಿಯಿಂದ, ಅತ್ತೆಯ ತವರಿನಿಂದ, ಲಿಂಬಿಕಾಯಿ ಬಂದವು. ಭಾನುವಾರ ಅತ್ತೆ ಪಡಸಾಲೆಯಲ್ಲಿ ಕೂತು ಉಪ್ಪಿನಕಾಯಿಗೆ ಹೋಳು ಮಾಡುತ್ತಿದ್ದರು. ಮೈದುನನ ಹೆಂಡತಿಯನ್ನು ನಾನು ಕರೆಯುವುದು ತಂಗಿ ಎಂದೇ; ಅವಳೂ ಬಂದು ಪಕ್ಕದಲ್ಲಿ ಕೂತಳು.

“ಇದಕ್ಕ ಬೆಲ್ಲ ಬೀಳಬೇಕ್ರಿ ಅತ್ತಿ.”

“ಬೆಲ್ಲ? ನಾ ಏನ್ ಹೋಳಗಿ ಮಾಡಾಕತ್ತೇನೇನು?”

“ನಮ್ಮ ಕಡೆ ಹಾಕತಾರ್ರಿ. ಬೆಲ್ಲ ಹಾಕಿದ್ರ ಕಹಿ ಆಗೂದಿಲ್ಲ.”

“ನಿಮ್ಮ ಕಡೆ ಕಬ್ಬು ರಗಡ ಐತಿ, ಅದಕ್ಕ ಕಂಡಕಂಡದ್ದಕ್ಕೆಲ್ಲಾ ಬೆಲ್ಲ ಸುರೀತೀರಿ. ನಮ್ಮ ಇಂಡಿ ಕಾಯಿಗೆ ಉಪ್ಪು, ಖಾರ ಸಾಕು.”

ಅತ್ತೆಯೂ ಕಡಿಮೆ ಇರಲಿಲ್ಲ. ಇಬ್ಬರೂ ಬಿಡದೆ ವಾದಕ್ಕೆ ಹತ್ತಿದರು. ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ ನನಗೆ ತಟ್ಟನೆ ಹೊಳೆಯಿತು. ಹೋಲಿಕೆ, ಕಾರಣ, ಪರಿಣಾಮ, ಪರೀಕ್ಷೆಯಲ್ಲಿ ಬರೆಯಬೇಕಾದದ್ದೆಲ್ಲ ಇವಳ ಬಾಯಲ್ಲಿ ಆಗಲೇ ಇದೆ. ಇಲ್ಲದ್ದು ಇಂಗ್ಲಿಷ್ ಮಾತ್ರ.

“ತಂಗಿ, ಇದನ್ನ ಇಂಗ್ಲಿಷಿನ್ಯಾಗ ಹೇಳು ನೋಡೂಣು.”

“ಮೈ ಪಿಕಲ್ ಬೆಟರ್...” ಎಂದು ನಿಂತಳು. “ಯಾಕಂದ್ರ ಅನ್ನಾಕ ಏನಂತಾರ?”

“ಬಿಕಾಸ್.”

“ಬಿಕಾಸ್ ಅತ್ತಿ ಪಿಕಲ್... ಕಹಿ ಅನ್ನಾಕ?”

“ಬಿಟರ್.”

“ಮೈ ಪಿಕಲ್ ಬೆಟರ್, ಬಿಕಾಸ್ ಅತ್ತಿ ಪಿಕಲ್ ಬಿಟರ್!”

ಅತ್ತೆಗೆ ಬೆಟರ್, ಬಿಟರ್ ಎರಡೂ ಒಂದೇ ಥರ ಕೇಳಿಸಿದವು. “ಹಂಗಾರ ಇಬ್ಬರದೂ ಒಂದ ಅಂದಂಗಾತಲ್ಲ, ಮುಗೀತು ಬಿಡು,” ಎಂದರು. ಮೊದಲನೆಯದು ಹೆಚ್ಚು ಚಲೋ ಅಂತ, ಎರಡನೆಯದು ಕಹಿ ಅಂತ ಎಂದು ನಾನು ಬಿಡಿಸಿ ಹೇಳಿದಾಗ ಚಾಕು ಕೆಳಗಿಟ್ಟರು.

“ಹೌದಾ? ನನ್ನ ಪರವಾಗಿ ನೀ ಉತ್ತರಾ ಕೊಡು ಈಕಿಗೆ. ಇಂಗ್ಲಿಷಿನ್ಯಾಗನ ಕೊಡು!”

ಹೀಗೆ ನಾನು ಅತ್ತೆಯ ವಕೀಲಳಾದೆ. ಆ ವರ್ಷ ನಮ್ಮ ಮನೆಯಲ್ಲಿ ಎರಡು ಭರಣಿ ಉಪ್ಪಿನಕಾಯಿ ಬಿದ್ದವು, ಒಂದು ಖಾರದ್ದು, ಒಂದು ಬೆಲ್ಲದ್ದು.

ಅಂದಿನಿಂದ ಪದಗಳ ಹಾಳೆ ಕೊಡುವುದನ್ನು ಬಿಟ್ಟೆ. ಸಂಜೆಗೊಂದು ವಿಷಯ ಎತ್ತುತ್ತಿದ್ದೆ. ಸಂತೆ ಸಿಂದಗಿಯದು ಚಲೋನೋ ಮುದ್ದೇಬಿಹಾಳದ್ದೋ? ಬೇಸಿಗೆಗೆ ಮುಂಜಾನೆ ಶಾಲೆ ಬೇಕೋ ಬೇಡವೋ? ಅತ್ತೆ ಕನ್ನಡದಲ್ಲಿ ಎದುರು ವಾದ ಹಾಕುತ್ತಿದ್ದರು, ತಂಗಿ ಇಂಗ್ಲಿಷಿನಲ್ಲಿ ತಡವರಿಸುತ್ತ ತಿರುಗಿ ಬೀಳುತ್ತಿದ್ದಳು, ಅದನ್ನು ನಾನು ಅತ್ತೆಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಪದ ಸಿಗದೆ ಸಿಕ್ಕಿಬಿದ್ದಾಗ ಮಾತ್ರ ನಾನು ಕೊಡುತ್ತಿದ್ದೆ. ಹಾಗೆ ಕೊಟ್ಟ ಪದ ಮತ್ತೆ ಮರೆಯುತ್ತಿರಲಿಲ್ಲ. ಗೆಲ್ಲುವುದಕ್ಕೆ ಅದು ಅವಳಿಗೆ ಬೇಕಾಗಿತ್ತಲ್ಲ. ಮರುದಿನ ಮಧ್ಯಾಹ್ನ, ಕೆಲಸ ಮುಗಿದ ಮೇಲೆ, ವಾದಿಸಿದ್ದನ್ನೇ ಬರೆದಿಡುತ್ತಿದ್ದಳು.

ಒಮ್ಮೆ ನಾನು, “ನಿನ್ನ ಬಗ್ಗೆನ ಬರಿ. ಏನಾತು, ಅದರಿಂದ ಏನಾತು ಅಂತ,” ಎಂದೆ. ಅವಳಿಗೆ ಆಗ ‘ದೇರ್‌ಫೋರ್’, ಅಂದರೆ ‘ಆದ್ದರಿಂದ’, ಎಂಬ ಪದದ ಹುಚ್ಚು. ಬರೆದು ತಂದ ನಾಲ್ಕೈದು ಸಾಲುಗಳಲ್ಲೂ ಅದನ್ನೇ ತುಂಬಿದ್ದಳು. ತಿದ್ದಲು ಕೆಂಪು ಪೆನ್ನು ಹಿಡಿದು ಓದಿದೆ. ಕನ್ನಡದಲ್ಲಿ ಹೇಳುವುದಾದರೆ ಅದರಲ್ಲಿ ಇದ್ದದ್ದು ಇಷ್ಟು: ನಾವು ಬಹಳ ಮಂದಿ ಅಕ್ಕತಂಗಿಯರು, ನಾನೇ ಎಲ್ಲರಿಗಿಂತ ಸಣ್ಣವಳು. ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು, ಆದ್ದರಿಂದ ನನ್ನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಆದ್ದರಿಂದ ನಾನು ಜೋರಾಗಿ ಮಾತಾಡುವುದನ್ನು ಕಲಿತೆ. ಆದ್ದರಿಂದ ಜನ ನನ್ನನ್ನು ಜಗಳಗಂಟಿ ಅನ್ನುತ್ತಾರೆ.

ಸ್ಪೆಲಿಂಗ್ ತಪ್ಪುಗಳು ಬೇಕಾದಷ್ಟಿದ್ದವು. ಒಂದನ್ನೂ ತಿದ್ದದೆ ಪೆನ್ನು ಮುಚ್ಚಿಟ್ಟೆ.

“ಏನ ಬರದಾಳ?” ಎಂದು ಟಿವಿ ಮುಂದಿದ್ದ ಅತ್ತೆ ಕೇಳಿದರು. ಸಾಲು ಸಾಲು ಬಿಡಿಸಿ ಹೇಳಿದೆ.

“ಇಲ್ಲಿ ಎಲ್ಲಾರಿಗೂ ಕೇಳಸ್ತೈತಿ ಅಂತ ಹೇಳು ಅಕಿಗೆ. ಅಷ್ಟ ಒದರೂದು ಬ್ಯಾಡ.”

ಒಲೆಯ ಮುಂದಿದ್ದ ಅವಳಿಗೆ ಅದೂ ಕೇಳಿಸಿತ್ತು. “ಬ್ಯಾಡ ಅಂದ್ರ ಹೆಂಗ್ರಿ ಅತ್ತಿ? ರೂಢಿ ಆಗೇತಿ,” ಎಂದಳು. ದನಿ ಮಾತ್ರ ಎಂದಿನಂತಿರಲಿಲ್ಲ. ಆಮೇಲೆ ನಾನೊಂದು ಗಮನಿಸಿದೆ: ಅವಳು ಮಾತಿಗೆ ಬಂದು ಕೂತಳೆಂದರೆ ಅತ್ತೆ ರಿಮೋಟ್ ತೆಗೆದುಕೊಂಡು ಟಿವಿಯ ದನಿ ಸಣ್ಣದು ಮಾಡುತ್ತಿದ್ದರು.

ಪರೀಕ್ಷೆಯಲ್ಲಿ ಪಾಸಾದಳು. ಫಲಿತಾಂಶವನ್ನು ಮೈದುನ ಮೊಬೈಲಿನಲ್ಲಿ ನೋಡಿದ. ಅವನು ಮಾತು ಕಡಿಮೆಯ ಮನುಷ್ಯ. ಪೇಡೆಯ ಡಬ್ಬಿ ತಂದು ಅವಳ ಕೈಗಿಟ್ಟು, “ಇನ್ನ ನಾ ಎರಡು ಭಾಷಾದಾಗ ಬೈಸ್ಕೋಬೇಕು,” ಎಂದ. ಅವಳು ನಗುತ್ತ ಅತ್ತುಬಿಟ್ಟಳು.

ಈಗ ಬಿ.ಎ. ಓದುತ್ತಿದ್ದಾಳೆ. ಬೆಳಗಾದರೆ ಓಣಿಯ ಹುಡುಗಿಯರ ಜೊತೆ ಆಟೋ ಹತ್ತಿ ಕಾಲೇಜಿಗೆ ಹೋಗುತ್ತಾಳೆ. ನನ್ನ ಶಾಲೆಗೆ ರಜೆಯಿದ್ದು ಅವಳಿಗೆ ಕಾಲೇಜು ಇದ್ದ ದಿನ ನನಗೆ ಅತ್ತೆಯ ಚಡಪಡಿಕೆ ಕಾಣುತ್ತದೆ. ಮೊನ್ನೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದರು, ನಾನು ಹೌದ್ರಿ ಎಂದೆ. ಬಿಸಿಲು ಭಾಳ ಎಂದರು, ಅದಕ್ಕೂ ಹೌದ್ರಿ ಎಂದೆ. ಅವರು ಬೇಸರದಿಂದ ನನ್ನನ್ನು ನೋಡಿದರು.

“ನಿನಗ ಮಾತಾಡಾಕ ಬರೂದಿಲ್ಲ ಬಿಡು,” ಎಂದು ಹೊರಗೆ ಕಟ್ಟೆಗೆ ಹೋಗಿ, ಆಟೋ ಬರುವ ದಾರಿ ನೋಡುತ್ತ ಕೂತರು.