ಮುಚ್ಚದ ಚಿಹ್ನೆಗೆ ಹೆದರುವ ಎಡೆಲ್ಮೀರಾ

ಬೆಳಗಿನ ಐದು ಗಂಟೆ. ಚಿಲೋಯೆ ದ್ವೀಪದ ಮೀನುಗಾರರ ಸಂಘದಲ್ಲಿ ಎಡೆಲ್ಮೀರಾ ಬಾರಿಯಾ ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಲೋಟದಲ್ಲಿ ‘ಮಾತೆ’ ಎಂಬ ಎಲೆಯ ಕಷಾಯ ಆರಿಹೋಗಿದೆ, ಭಯದಲ್ಲಿ ಅವರು ಪರದೆಯಿಂದ ಕಣ್ಣು ತೆಗೆದಿಲ್ಲ. ಇನ್ನು ಹತ್ತು ನಿಮಿಷದಲ್ಲಿ ಮೂವತ್ತೆಂಟು ದೋಣಿಗಳಿಗೆ ಹವಾಮಾನ ವರದಿ ಹೋಗಬೇಕು. ವರದಿ ಬಾರದೆ ಯಾರೂ ಹಗ್ಗ ಬಿಚ್ಚುವಂತಿಲ್ಲ.

ವರದಿ ಬರೆಯುವವರು ನಿವೃತ್ತ ರೇಡಿಯೊ ನೌಕರ ಎಲಿಯೊದೊರೊ; ಹಿರಿಯರೆಂದು ಎಲ್ಲರೂ ‘ದೋನ್’ ಎನ್ನುತ್ತಾರೆ. ಎಚ್ಚರಿಕೆಗೊಂದು, ಅಲೆಯ ಎತ್ತರಕ್ಕೊಂದು, ಕಚೇರಿಯೊಳಗೇ ಉಳಿಯಬೇಕಾದ ಟಿಪ್ಪಣಿಗೊಂದು ಎಂದು ಮಾತಿನ ಮೊದಲಿಗೆ ತೆರೆಯುವ, ಕೊನೆಗೆ ಮುಚ್ಚುವ ಚಿಹ್ನೆ ಹಾಕುತ್ತಾರೆ. ಆ ಚಿಹ್ನೆಗಳ ಭಾಷೆಯೂ ಅದನ್ನು ಓದುವ ಪ್ರೋಗ್ರಾಮೂ ಎಡೆಲ್ಮೀರಾ ಕಟ್ಟಿದ್ದು. ಅದರಲ್ಲಿ ಟೋಕನೈಸರ್ ಎಂಬ ಭಾಗ ಬರಹವನ್ನು ತುಂಡು ತುಂಡಾಗಿ ಬಿಡಿಸುತ್ತದೆ. ಯಾವ ತುಂಡು ಯಾವುದರೊಳಗೆ ಎಂದು ಪಾರ್ಸರ್ ಎಂಬ ಇನ್ನೊಂದು ಭಾಗ ತೀರ್ಮಾನಿಸುತ್ತದೆ. ಮೊದಲು ಪ್ರತಿ ಚಿಹ್ನೆಗೂ ಬರಹವನ್ನು ಆರಂಭದಿಂದ ಓದಿ ನಾಲ್ಕು ನಿಮಿಷ ತಿನ್ನುತ್ತಿತ್ತು. ಈಗ ಒಂದೇ ಓಟಕ್ಕೆ ಮುಗಿಸುತ್ತದೆ, ಒಂದು ಸೆಕೆಂಡೂ ಬೇಡ.

ಇಷ್ಟು ಬಲ್ಲವರಿಗೆ ಭಯವೇಕೆ? ಹೋದ ಆಗಸ್ಟಿನಲ್ಲಿ ದೋನ್ ಟಿಪ್ಪಣಿಯ ಚಿಹ್ನೆ ತೆರೆದು, ಮೊಣಕಾಲು ನೋವೆಂದು ಬರೆದು, ಮುಚ್ಚುವುದನ್ನು ಮರೆತರು. ಮುಚ್ಚದಿದ್ದರೆ ಕೊನೆವರೆಗೂ ಟಿಪ್ಪಣಿಯೆಂದೇ ತಿಳಿ ಎಂದು ಪಾರ್ಸರಿಗೆ ಕಲಿಸಿದವರು ಎಡೆಲ್ಮೀರಾ. ಕೆಳಗಿದ್ದ ಬಿರುಗಾಳಿಯ ಎಚ್ಚರಿಕೆಯೂ ಅದರೊಳಗೆ ಮುಚ್ಚಿಹೋಗಿ ದೋಣಿಗಳಿಗೆ ತಲುಪಲೇ ಇಲ್ಲ. ಅಂದು ಕಡಲಿಗಿಳಿದಿದ್ದ ಗಂಡ ನೊಲ್ಬೆರ್ತೊ, ದೋಣಿಯ ಅಂಚು ಮುರಿದುಕೊಂಡು ಸಂಜೆ ಹೇಗೋ ದಡ ಸೇರಿದರು.

"ಅವತ್ತು ಎದೆ ಝಲ್ಲಂದಿದ್ದು ಇನ್ನೂ ನಿಂತಿಲ್ಲ. ತಪ್ಪು ಕಂಡ್ರೆ ಅಡ್ಜಸ್ಟ್ ಮಾಡ್ಕೊಂಡು ಹೋಗು ಅಂತ ನಾನೇ ಅದಕ್ಕೆ ಹೇಳ್ಕೊಟ್ಟಿದ್ದೆ," ಎನ್ನುತ್ತಾರೆ. ಈಗ ಮುಚ್ಚದ ಚಿಹ್ನೆ ಕಂಡರೆ ಪಾರ್ಸರ್ ನಿಂತುಬಿಡುತ್ತದೆ.

ಇವತ್ತೂ ನಿಂತಿದೆ. ನಲವತ್ತೊಂದನೇ ಸಾಲು, ಟಿಪ್ಪಣಿ ಮುಚ್ಚಿಲ್ಲ. ಹೊರಗೆ ಎಂಜಿನ್‌ಗಳು ಗುರುಗುಟ್ಟುತ್ತಿವೆ. ನೊಲ್ಬೆರ್ತೊ ಕಿಟಕಿಯಲ್ಲಿ ತಲೆ ತೂರಿಸುತ್ತಾರೆ: "ಏನೇ, ಕಡಲಿನ ನೀರು ಇಳೀತಾ ಇದೆ, ಆಮೇಲೆ ದೋಣಿ ಹೊರಡೋದು ಕಷ್ಟ. ನಿನ್ನ ಯಂತ್ರಕ್ಕೆ ಇನ್ನೂ ಬೆಳಗಾಗಿಲ್ವಾ?"

ಎಡೆಲ್ಮೀರಾ ಫೋನು ಎತ್ತುತ್ತಾರೆ. "ದೋನ್, ನಿಮ್ಮ ಟಿಪ್ಪಣಿ ಎಲ್ಲಿಗೆ ಮುಗಿಯುತ್ತೆ?"

"ನೋಡಿದ್ರೆ ಗೊತ್ತಾಗಲ್ವೇನಮ್ಮ? ನೀನೇ ಹಾಕ್ಕೋ."

"ಇಲ್ಲ. ನಾನು ಅಂದಾಜು ಮಾಡಲ್ಲ. ನೀವೇ ಹಾಕಿ."

ದೋನ್ ಗೊಣಗುತ್ತಲೇ ಚಿಹ್ನೆ ಮುಚ್ಚುತ್ತಾರೆ. ಒಂಬತ್ತು ನಿಮಿಷ ತಡವಾಗಿ ವರದಿ ಹೊರಡುತ್ತದೆ. ಆ ಟಿಪ್ಪಣಿಯ ಕೆಳಗೇ, ನಲವತ್ತೆರಡನೇ ಸಾಲಿನಲ್ಲಿದೆ: ಮಧ್ಯಾಹ್ನದಿಂದ ಉತ್ತರದ ಬಿರುಗಾಳಿ, ಯಾರೂ ಹೊರಡಬೇಡಿ. ಒಂದೊಂದಾಗಿ ಎಂಜಿನ್‌ಗಳು ಸುಮ್ಮನಾಗುತ್ತವೆ.

ಎಡೆಲ್ಮೀರಾ ಆರಿದ ಕಷಾಯವನ್ನೇ ಗುಟುಕರಿಸುತ್ತಾರೆ. "ತಡ ಮಾಡಿದ್ದಕ್ಕೆ ಬೈತಾರೆ. ಬೈಯೋಕೆ ಅಂತಾದ್ರೂ ಎಲ್ಲರೂ ದಡದಲ್ಲಿರ್ತಾರಲ್ಲ, ನನಗಷ್ಟು ಸಾಕು."