ಸನ್ಮಾನಕ್ಕೆ ಹೋದ ಉಣ್ಣೆಯ ಹೊದಿಕೆಗಳು

ಕೆಲಗೇರಿಯ ನಮ್ಮ ಕಾಲನಿಯ ಮಹಿಳಾ ಮಂಡಳದವರು ಹೋದ ಚಳಿಗಾಲದಲ್ಲಿ ಉಣ್ಣೆಯ ಹೊದಿಕೆಗಳನ್ನು ಹೆಣೆದರು. ರೋಗಿಗಳ ಜೊತೆ ಬಂದು ಆಸ್ಪತ್ರೆಯ ಹೊರಗೆ ಮಲಗುವ ಬಡವರಿಗೆ ಅವನ್ನು ಕೊಡಬೇಕಿತ್ತು. ಕೊಡಲು ಸಮಾರಂಭ ಬೇಕಾಯಿತು, ಸಮಾರಂಭಕ್ಕೆ ಅತಿಥಿಗಳು ಬೇಕಾದರು. ಅತಿಥಿಗಳು ಬಂದ ಮೇಲೆ ಸನ್ಮಾನ ಆಗಲೇಬೇಕು. ಶಾಲು ತರುವುದನ್ನು ಮಾತ್ರ ಎಲ್ಲರೂ ಮರೆತಿದ್ದರು.

ಹೀಗಾಗಿ ಮುಖ್ಯ ಅತಿಥಿಗೆ ಒಂದು ಹೊದಿಕೆಯನ್ನೇ ಹೊದಿಸಿದರು. ಅಧ್ಯಕ್ಷೆಯನ್ನು ಬಿಡಲಾದೀತೆ? ಉಣ್ಣೆ ಕೊಟ್ಟ ವ್ಯಾಪಾರಿ, ನಿರೂಪಕಿ, ಪ್ರಾರ್ಥನೆ ಹಾಡಿದವರು, ಎಲ್ಲರ ಹೆಗಲೂ ಬೆಚ್ಚಗಾಯಿತು. ನಮ್ಮ ಪತ್ರಿಕೆಯ ವರದಿಗೆ ಹೋಗಿದ್ದ ನನ್ನನ್ನೂ ಕರೆದರು. ಪೆನ್ನು ತೋರಿಸಿ ತಪ್ಪಿಸಿಕೊಂಡೆ. ಉಳಿದವನ್ನು ಬಡವರಿಗೆ ಹಂಚಿದಾಗ ಸಾಲಿನ ಕೊನೆಗೆ ನಿಂತಿದ್ದ ಮುದುಕಿಯೊಬ್ಬಳಿಗೆ ಹೊದಿಕೆ ಉಳಿಯಲಿಲ್ಲ.

"ಮುಂದಿನ ವರ್ಷ ನಿಮಗ ಮೊದ್ಲ ಕೊಡ್ತೇವ್ರಿ ಅಜ್ಜಿ," ಎಂದರು ಅಧ್ಯಕ್ಷೆ.

"ಥಂಡಿ ಈಗ ಐತಲ್ಲ ಯವ್ವಾ," ಎಂದಳು ಮುದುಕಿ.

ಇದನ್ನು ಕೇಳಿದ್ದೇ, ಮಂಡಳದ ಸದಸ್ಯೆಯಾದ ನನ್ನ ಅವ್ವ ವೇದಿಕೆ ಹತ್ತಿದಳು. ಮುಖ್ಯ ಅತಿಥಿ ಕೋಟಿನ ಮೇಲೆ ಅವಳೇ ಹೆಣೆದ ಹೊದಿಕೆ ಹೊದ್ದು ಬೆವರುತ್ತಿದ್ದರು. "ಸಾಹೇಬ್ರ, ನಿಮಗ ಸೆಕಿ ಆಗಾಕತ್ತೈತಿ, ಕೊಡ್ರಿಲ್ಲೆ," ಎಂದವಳೇ ಅದನ್ನು ತೆಗೆದುಕೊಂಡು ಕೆಳಗಿಳಿದು ಮುದುಕಿಗೆ ಹೊದಿಸಿದಳು. ಕ್ಯಾಮೆರಾ ಕಂಡ ಅತಿಥಿ ಲಗುಬಗೆಯಿಂದ ಬಂದು ಅದರ ಒಂದು ತುದಿ ಹಿಡಿದುಕೊಂಡರು.

ಮರುದಿನ ಬೇರೊಂದು ಪತ್ರಿಕೆಯಲ್ಲಿ ಆ ಫೋಟೋ ಬಂತು. ಮೈಮೇಲಿನ ಹೊದಿಕೆಯನ್ನೇ ಬಡವರಿಗೆ ಕೊಟ್ಟ ಉದಾರಿ ಎಂದು ಕೆಳಗೆ ಬರೆದಿದ್ದರು. ನಾನು ಸಿಟ್ಟಾದೆ. ಅವ್ವ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇರ್ಲಿ ಬಿಡೋ. ಇಷ್ಟು ಉದಾರಿ ಅಂತ ಗೊತ್ತಿದ್ರ ಕೋಟೂ ಕೇಳ್ತಿದ್ದೆ," ಎಂದಳು.