ಸೌತೆಕಾಯಿ ಹಿಡಿದ ಕೈಯ ಬಣ್ಣ

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡು ಇಷ್ಟು ವರ್ಷ ಸುಮ್ಮನಿದ್ದೆ. ಇಳಿಯುವ ಲಕ್ಷಣ ಕಾಣುತ್ತಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾವು ಕುವೈತಿಗೆ ಹೋದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣ ಘಟಕದಲ್ಲಿ ನನ್ನ ಗಂಡನಿಗೆ ಗುತ್ತಿಗೆ ಕಂಪನಿಯೊಂದರ ಕೆಲಸ. ನಾನು ಮೈಸೂರಿನಲ್ಲಿ ಚಿತ್ರಕಲೆ ಕಲಿತವಳು. ಮಗಳನ್ನು ಶಾಲೆಗೆ ಸೇರಿಸಿದ ಮೇಲೆ ಒಂದು ಮುದ್ರಣಾಲಯದ ಡಿಸೈನ್ ವಿಭಾಗದಲ್ಲಿ ಸೇರಿಕೊಂಡೆ. ಚಿತ್ರಕಲೆ ಎಂದರೆ ಅಲ್ಲಿ ಸೂಪರ್ ಮಾರ್ಕೆಟ್‌ಗಳ ವಾರದ ಆಫರ್ ಹಾಳೆ. ಚಿಪ್ಸ್ ಪೊಟ್ಟಣ, ಕರಿದ ಕೋಳಿ ತುಂಡು, ಬಣ್ಣ ಬಣ್ಣದ ಸಿಹಿ ಪಾನೀಯ. ಅಂಗಡಿಯ ಬಾಗಿಲಿಗೆ ಅಂಟಿಸುವ ಪೋಸ್ಟರಿನಲ್ಲಿ ಚಿಪ್ಸಿನ ಚಿತ್ರ ಕೆಳಗಡೆ ಬರಬೇಕು, ಮಕ್ಕಳ ಕಣ್ಣಿನ ಎತ್ತರಕ್ಕೆ ಸರಿಯಾಗಿ ಇರಬೇಕು ಎಂದು ಮೊದಲ ವಾರವೇ ಮ್ಯಾನೇಜರ್ ಕಲಿಸಿದ್ದ. ನಾನೂ ಕಲಿತೆ. ಚೆನ್ನಾಗಿಯೇ ಮಾಡುತ್ತಿದ್ದೆ.

ಮಗಳಿಗೆ ಏಳು ವರ್ಷವಾದಾಗ ರಕ್ತ ಕಮ್ಮಿಯಿದೆ ಎಂದು ಡಾಕ್ಟರು ಒಬ್ಬ ಡಯೆಟಿಷಿಯನ್ ಬಳಿಗೆ ಕಳಿಸಿದರು. ಆಕೆ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಐವತ್ತರ ಆಸುಪಾಸು, ಆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಸವೆಸಿದವರು. ಮಗಳ ಊಟದ ವಿವರ ಕೇಳುತ್ತ ನನ್ನ ಕೆಲಸ ಏನು ಎಂದರು. ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನಾವು ಕೆಲವು ಕನ್ನಡದವರು ಸೇರಿ ಒಂದು ಸಂಘ ಮಾಡಿದ್ದೇವೆ, ಶಾಲೆಗಳಿಗೆ ಹೋಗಿ ಮಕ್ಕಳಿಗೆ ತರಕಾರಿ, ಬೇಳೆಕಾಳು ತೋರಿಸಿ, ಮುಟ್ಟಿಸಿ, ಅಡುಗೆ ಮಾಡಿಸುತ್ತೇವೆ ಎಂದರು. ಸಂಘಕ್ಕೆ ಒಂದು ಲೋಗೋ ಬೇಕಿತ್ತು.

“ಚಿಪ್ಸನ್ನು ನೋಡಿದ ಕೂಡಲೇ ಬೇಕು ಅನ್ನಿಸುವ ಹಾಗೆ ಮಾಡ್ಲಿಕ್ಕೆ ನಿಮಗೆ ಗೊತ್ತುಂಟಲ್ಲ ಮಾರಾಯ್ರೇ,” ಎಂದರು. “ಹಾಗೇ ಬೆಂಡೆಕಾಯಿಗೂ ಒಂದು ಮಾಡಿ ಕೊಡಿ.”

ಒಪ್ಪಿಕೊಂಡೆ. ಆದರೆ ಮಕ್ಕಳನ್ನು ನೋಡದೆ ಬರೆಯುವುದಿಲ್ಲ ಎಂದೆ. ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ಸಂಘದವರು ಮೂವತ್ತು ಮಕ್ಕಳನ್ನು ಬಸ್ಸಿನಲ್ಲಿ ವಫ್ರಾದ ತೋಟಗಳಿಗೆ ಕರೆದುಕೊಂಡು ಹೊರಟಿದ್ದರು. ಮಗಳನ್ನು ಜೊತೆಗಿಟ್ಟುಕೊಂಡು ನಾನೂ ಹತ್ತಿದೆ. ದಕ್ಷಿಣಕ್ಕೆ ಹೋದಂತೆ ಮರಳು, ಮರಳು, ಆಮೇಲೆ ಇದ್ದಕ್ಕಿದ್ದಂತೆ ಸಾಲು ಸಾಲು ಪ್ಲಾಸ್ಟಿಕ್ ಹೊದೆಸಿದ ಹಸಿರುಮನೆಗಳು. ನಾವು ಹೋದ ತೋಟದಲ್ಲಿ ಮಕ್ಕಳಿಗೆ ಬೆಳೆ ತೋರಿಸಲು ನಿಂತಿದ್ದವರು ಚಿಂತಾಮಣಿ ಕಡೆಯ ಒಬ್ಬರು. ಕನ್ನಡ ಬರುತ್ತದೆಂದು ತೋಟದ ಮೇಸ್ತ್ರಿ ಅವರನ್ನು ಬಿಟ್ಟಿದ್ದ. ಹದಿನಾಲ್ಕು ವರ್ಷದಿಂದ ಅದೇ ತೋಟದಲ್ಲಿದ್ದರು. ಅಲ್ಲೇ ತಗಡಿನ ಕೋಣೆಯಲ್ಲಿ ವಾಸ. ಊರಿನ ಒಳಕ್ಕೆ ಬರಲು ಬಸ್ಸಿಲ್ಲದ್ದರಿಂದ ಪೇಟೆ ನೋಡಿ ತಿಂಗಳುಗಳಾಗಿದ್ದವು.

ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಮನುಷ್ಯ ಅದಕ್ಕೆಲ್ಲ ತಲೆಕೆಡಿಸಿಕೊಳ್ಳಲಿಲ್ಲ. ಎಲೆ ಸರಿಸಿ ಒಂದು ಸೌತೆಕಾಯಿ ತೋರಿಸಿ, ಇದನ್ನು ಕೀಳಬಹುದೋ ಬಾರದೋ ಎಂದು ಕೇಳಿದರು. ಒಬ್ಬೊಬ್ಬರ ಬೆರಳನ್ನೂ ಕಾಯಿಯ ಮೇಲೆ ಇಟ್ಟು, ಸಣ್ಣ ಮುಳ್ಳಿನಂಥ ಗಂಟು ಹೇಗೆ ಗೊತ್ತಾಗುತ್ತದೆ ಎಂದು ತೋರಿಸಿದರು. ಕತ್ತರಿ ಇಲ್ಲದೆ ಹೆಬ್ಬೆರಳಿನ ಉಗುರಿನಿಂದಲೇ ತೊಟ್ಟು ಮುರಿದು, ಅಂಗೈಯಲ್ಲಿ ಉಜ್ಜಿ, ಮುಂದೆ ನಿಂತಿದ್ದ ಹುಡುಗಿಗೆ ಚಾಚಿದರು. ಆ ಹುಡುಗಿ ಕಾಯಿ ನೋಡಲಿಲ್ಲ, ಕೈ ನೋಡಿದಳು. “ಈಸ್ ಇಟ್ ಡರ್ಟಿ?” ಎಂದು ನನ್ನ ಕಡೆ ತಿರುಗಿ ಕೇಳಿದಳು. ಅವರಿಗೆ ಆ ಮಾತು ಅರ್ಥವಾಗಿತ್ತು. ಅಲ್ಲೇ ಪೈಪಿನ ನೀರಿನಲ್ಲಿ ಕೈಯನ್ನೂ ಕಾಯಿಯನ್ನೂ ತೊಳೆದು ಮತ್ತೆ ಚಾಚಿದರು. ಹುಡುಗಿ ಕಚ್ಚಿದಳು. ಆಮೇಲೆ ಇನ್ನೊಂದು ಕೇಳಿದಳು.

ಆ ಚಾಚಿದ ಕೈಯನ್ನು ಬಿಟ್ಟರೆ ನನಗೆ ಬೇರೆ ಲೋಗೋ ಯೋಚಿಸಲಾಗಲಿಲ್ಲ. ಪುಸ್ತಕ ತೆಗೆದು ಅಲ್ಲೇ ನಾಲ್ಕಾರು ಸಲ ಬರೆದುಕೊಂಡೆ. ದಪ್ಪ ಗೆಣ್ಣು, ಸೀಳಿದ ಚರ್ಮ, ಹೊರಗೆ ಬಾಗಿದ ಹೆಬ್ಬೆರಳು. ಅವರು ಬಗ್ಗಿ ನೋಡಿದರು. “ನನ್ ಕೈಯಾ? ಇದ್ರಾಗೇನೈತಮ್ಮ ಬರ್ಯಾಕೆ,” ಎಂದು ನಕ್ಕರು. ಯಾತಕ್ಕೆ ಬರೆಯುತ್ತಿದ್ದೇನೆ ಎಂದು ನಾನು ಹೇಳಲಿಲ್ಲ.

ಹೊರಡುವಾಗ ಫೋಟೋ. ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಮಕ್ಕಳ ಹಿಂದೆ ಬಂದು ನಿಂತಿದ್ದರು. ಸಂಘದ ಅಧ್ಯಕ್ಷರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬೆಂಗಳೂರಿನವರು, ಕ್ಯಾಮೆರಾ ಹಿಡಿದವನಿಗೆ ತಡೆಯಲು ಹೇಳಿ, “ಭಾಯಿ, ಜರಾ ಸೈಡ್,” ಎಂದು ಕೈಯಾಡಿಸಿದರು. ಕನ್ನಡದವರು ಎಂದು ಗೊತ್ತಿದ್ದೂ ಹಿಂದಿಯಲ್ಲಿ ಹೇಳಿದರು. ಆ ಮನುಷ್ಯ ಸರಿದು ನಿಂತರು. ನಾನು ಫೋಟೋದಲ್ಲಿ ಇದ್ದೇನೆ, ನಗುತ್ತಿದ್ದೇನೆ. ಡಯೆಟಿಷಿಯನ್ ಬಸ್ಸಿನಲ್ಲಿ ಮಕ್ಕಳನ್ನು ಎಣಿಸುತ್ತಿದ್ದರು, ಅವರಿಗೆ ಇದು ಗೊತ್ತಾಗಲಿಲ್ಲ. ನನಗೆ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ.

ಮೂರು ವಾರ ಆ ಕೈಯ ಜೊತೆ ಹೆಣಗಾಡಿದೆ. ಗೆಣ್ಣು ಎಷ್ಟು ಗೆರೆಯಲ್ಲಿ ಬರಬೇಕು, ಬೆರಳುಗುರಿನಷ್ಟು ಚಿಕ್ಕ ಸ್ಟಿಕ್ಕರಿಗೆ ಇಳಿಸಿದರೂ ಕೈ ಕೈಯಾಗಿಯೇ ಕಾಣಬೇಕಾದರೆ ಯಾವ ಗೆರೆ ಬಿಡಬೇಕು. ಬ್ರಷ್ಷಿನಲ್ಲಿ ಬರೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ, ಮತ್ತೆ ಬ್ರಷ್ಷಿಗೆ ಹೋದೆ. ಬಲದಿಂದ ಎಡಕ್ಕೆ ಓದುವ ಅರಬ್ಬಿ ಹೆಸರಿನ ಪಕ್ಕ ಇಡಲು ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿದ್ದೆ. ಪಕ್ಕದ ಮೇಜಿನಲ್ಲಿ ಅರಬ್ಬಿ ಅಕ್ಷರ ಜೋಡಿಸುತ್ತಿದ್ದ ಈಜಿಪ್ಟಿನ ಹಿರಿಯರು ಅದನ್ನು ನೋಡಿ ತಲೆಯಲ್ಲಾಡಿಸಿದರು. ತಿರುಗಿಸಿದ್ದರಿಂದ ಬಲಗೈ ಎಡಗೈ ಆಗಿತ್ತು. ಎಡಗೈಯಲ್ಲಿ ತಿನ್ನುವ ವಸ್ತು ಕೊಡುವುದುಂಟೇ ಎಂದರು. ನಮ್ಮಲ್ಲೂ ಇಲ್ಲ, ನನಗೇ ಹೊಳೆಯಬೇಕಿತ್ತು. ಅರಬ್ಬಿಗೆಂದೇ ಬೇರೆ ಬಲಗೈ ಬರೆದೆ. ಸೌತೆಕಾಯಿಯನ್ನು ಆಫೀಸಿನ ಕೆಳಗಿನ ಅಂಗಡಿಯಿಂದ ತಂದು ಮುಂದಿಟ್ಟುಕೊಂಡೆ, ತುದಿಯಲ್ಲಿ ಒಂದು ಹಳದಿ ಹೂವು ಸೇರಿಸಿದೆ. ಕೈಗೆ ಕಡು ಕಂದು ಬಣ್ಣ. ಕಂದು ಕೈ, ಹಸಿರು ಕಾಯಿ, ಹಳದಿ ಹೂವು. ಇಷ್ಟು ವರ್ಷದಲ್ಲಿ ನಾನು ಮಾಡಿದ್ದರಲ್ಲಿ ನನಗೆ ನಾಚಿಕೆಯಾಗದ ಒಂದೇ ಕೆಲಸ ಅದು.

ಸಮಿತಿಯ ಸಭೆ ಅಧ್ಯಕ್ಷರ ಮನೆಯಲ್ಲಿ. ಏಳೆಂಟು ಜನ. ಚಿತ್ರ ಮುದ್ರಿಸಿದ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿದರು. ಆಮೇಲೆ ಒಬ್ಬಾಕೆ ಚೆನ್ನಾಗಿದೆ, ಆದರೆ ಕೈ ಸ್ವಲ್ಪ ಡಾರ್ಕ್ ಆಯಿತಲ್ಲವೇ ಎಂದರು. ಅದೇ ಮಾತಿಗೆ ಕಾಯುತ್ತಿದ್ದಂತೆ ಎಲ್ಲರಿಗೂ ಧೈರ್ಯ ಬಂತು. ಮಕ್ಕಳಿಗೆ ಅಸಹ್ಯ ಅನ್ನಿಸಬಹುದು. ಕೊಳೆಯಾದ ಕೈ ಎಂದುಕೊಳ್ಳಬಹುದು. ಸ್ವಚ್ಛತೆಯ ಪಾಠ ಹೇಳುವ ಸಂಘಕ್ಕೆ ಇದು ಹೊಂದುತ್ತದೆಯೇ.

“ಮೇಡಂ, ತಪ್ಪು ತಿಳ್ಕೋಬೇಡಿ,” ಎಂದರು ಅಧ್ಯಕ್ಷರು. “ಇದು ಲೇಬರ್ ಕೈ ಥರ ಇದೆ. ಒಂದು ಮಗುವಿನ ಕೈ ಮಾಡಿ. ಸ್ವಲ್ಪ ಫೇರ್ ಆಗಿರ್ಲಿ.”

“ಲೇಬರ್ ಕೈಯೇ ಸರ್,” ಎಂದೆ. “ನೀವು ಫೋಟೋದಿಂದ ಸರಿಸಿದ್ರಲ್ಲ, ಅವರದ್ದೇ.”

ಅಲ್ಲಿಗೇ ನಿಲ್ಲಿಸಲಿಲ್ಲ. ಇಲ್ಲಿ ಕೂತವರ ಮಕ್ಕಳ ಕೈ ಯಾವ ಬಣ್ಣ, ನನ್ನ ಮಗಳ ಕೈ ಯಾವ ಬಣ್ಣ, ಅವುಗಳನ್ನು ಕೊಳೆ ಎಂದು ಯಾರಾದರೂ ಅಂದರೆ ನಾವು ಸುಮ್ಮನಿರುತ್ತೇವೆಯೇ ಎಂದು ಕೇಳಿದೆ. ಊಟ ಎಲ್ಲಿಂದ ಬರುತ್ತದೆ ಎಂದು ಮಕ್ಕಳಿಗೆ ಕಲಿಸಲು ಹೊರಟು, ಅದನ್ನು ಬೆಳೆದವನನ್ನೇ ಮರೆಮಾಡುವುದು ಯಾವ ಶಿಕ್ಷಣ ಎಂದೆ. ಡಯೆಟಿಷಿಯನ್ ನನ್ನ ಪರ ನಿಂತರು. ಫೋಟೋದ ಸಂಗತಿ ಅವರಿಗೆ ಆಗಲೇ ಗೊತ್ತಾದದ್ದು. ಮುಖ ಕೆಂಪಾಗಿತ್ತು. ಆಗ ಅಧ್ಯಕ್ಷರು ಇನ್ನೊಂದು ಹಾಳೆ ತೆಗೆದರು. ಮಕ್ಕಳ ಜ್ಯೂಸ್ ಆಮದು ಮಾಡುವ ಕಂಪನಿಯೊಂದು ಸಂಘದ ಕಾರ್ಯಕ್ರಮಗಳ ಖರ್ಚು ವಹಿಸಲು ಮುಂದೆ ಬಂದಿದೆಯಂತೆ. ಅವರ ಕಿತ್ತಳೆ ಬಣ್ಣ ಲೋಗೋದಲ್ಲಿ ಇದ್ದರೆ ಅವರಿಗೆ ಸಂತೋಷವಂತೆ. ಆ ಜ್ಯೂಸಿನ ಪೋಸ್ಟರ್ ನಾನೇ ಎಷ್ಟೋ ಸಲ ಮಾಡಿದ್ದೆ. ಅದರಲ್ಲಿ ಹಣ್ಣಿನ ಹೆಸರು ಬಿಟ್ಟರೆ ಹಣ್ಣಿರಲಿಲ್ಲ, ಪೂರ್ತಿ ಸಕ್ಕರೆ ನೀರು. ಹಾಗೆಂದು ಹೇಳಿ, ಕೈಯ ಬಣ್ಣ ಬದಲಾಯಿಸುವುದಿಲ್ಲ, ಕಿತ್ತಳೆ ಹಾಕುವುದಿಲ್ಲ ಎಂದು ಎದ್ದು ಬಂದೆ. ಮೇಜಿನ ಮೇಲಿದ್ದ ಹಾಳೆಯನ್ನು ತೆಗೆದುಕೊಂಡು ಬರುವ ಬುದ್ಧಿ ಮಾತ್ರ ಆಗ ಬರಲಿಲ್ಲ.

ಎರಡು ದಿನ ಬಿಟ್ಟು ಮ್ಯಾನೇಜರ್ ಕರೆದ. ಅಧ್ಯಕ್ಷರು ಅವನಿಗೆ ಪರಿಚಯದವರು. ಪುಕ್ಕಟೆ ಕೆಲಸಕ್ಕೆ ಯಾತಕ್ಕೆ ಜಗಳ, ಬಣ್ಣ ಬದಲಾಯಿಸಿ ಕೊಡು, ಖಲಾಸ್ ಎಂದ. ಕೊಡುವುದಿಲ್ಲ ಎಂದೆ. ನನ್ನ ಇಕಾಮಾ, ಅಂದರೆ ಆ ದೇಶದಲ್ಲಿ ಉಳಿಯುವ ಪರವಾನಗಿ, ಇದ್ದದ್ದು ಆ ಮುದ್ರಣಾಲಯದ ಹೆಸರಿನಲ್ಲಿ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ವಾರವಿಡೀ ಮನೆಯಲ್ಲಿ ನಾವಿಬ್ಬರೂ ಕಡಿಮೆ ಮಾತಾಡಿದೆವು. ಗಂಡ ಒಂದೇ ಒಂದು ಸಲ, ಕೆಲಸ ಹೋದರೆ ಹೋಗಲಿ, ಆದರೆ ಅದಕ್ಕೆ ತಯಾರಾಗಿರು ಎಂದರು. ಕೆಲಸ ಹೋಗಲಿಲ್ಲ. ಸಂಘದವರಿಗೆ ನನ್ನ ಅಗತ್ಯವೇ ಬೀಳಲಿಲ್ಲ.

ಅದು ಗೊತ್ತಾದದ್ದು ಎಗೈಲಾದ ಒಂದು ಮಾಲ್‌ನಲ್ಲಿ. ಸಂಘದ ಅಧಿಕೃತ ಉದ್ಘಾಟನೆ ಅಲ್ಲಿ ಇತ್ತು. ಡಯೆಟಿಷಿಯನ್ ಭಾಷಣ ಮಾಡಬೇಕಿತ್ತು. ಜೊತೆಗೆ ಬನ್ನಿ ಎಂದು ಒತ್ತಾಯ ಮಾಡಿದ್ದರಿಂದ ಹೋದೆ. ಎಸ್ಕಲೇಟರ್ ಹತ್ತುತ್ತಿದ್ದಂತೆ ಮೇಲಿನಿಂದ ಇಳಿಬಿಟ್ಟ ಬ್ಯಾನರ್ ಕಂಡಿತು. ಅದರಲ್ಲಿ ನನ್ನ ಕೈ. ಸಭೆಯಲ್ಲಿ ಬಿಟ್ಟುಬಂದ ಹಾಳೆಯನ್ನು ಬೇರೆ ಯಾರ ಕೈಯಲ್ಲೋ ನಕಲು ಮಾಡಿಸಿದ್ದರು. ಗೆಣ್ಣಿನ ಗೆರೆಗಳನ್ನು ಅಳಿಸಿ ಕೈಯನ್ನು ಗುಲಾಬಿ ಮಾಡಿದ್ದರು. ಆದರೆ ಆ ಹೆಬ್ಬೆರಳಿನ ಬಾಗು ಹಾಗೇ ಇತ್ತು. ಸೌತೆಕಾಯಿ ಇರಲಿಲ್ಲ. ಅದರ ಜಾಗದಲ್ಲಿ ಕಿತ್ತಳೆ ಬಣ್ಣದ ಪುಟ್ಟ ಬಾಟಲಿ.

ಕೆಳಗೆ ಮಕ್ಕಳ ಸಾಲು. ಆಹಾರದ ಬಗ್ಗೆ ಪ್ರಶ್ನೆಗೆ ಉತ್ತರ ಹೇಳಿದವರಿಗೆ ಜ್ಯೂಸ್ ಬಾಟಲಿ ಬಹುಮಾನ. ಡಯೆಟಿಷಿಯನ್ ವೇದಿಕೆ ಹತ್ತಿ ಮೈಕ್ ಹಿಡಿದರು. ಬರೆದುಕೊಂಡು ಬಂದ ಭಾಷಣವನ್ನು ಮಡಚಿ ಬ್ಯಾಗಿಗೆ ಹಾಕಿದರು.

“ಮಕ್ಕಳೇ, ಬಾಟ್ಲಿಯ ಹಿಂದೆ ಎಂತ ಬರೆದಿದೆ ಅಂತ ಒಬ್ಬರು ಓದಿ,” ಎಂದರು. ಒಂದು ಹುಡುಗಿ ಗಟ್ಟಿಯಾಗಿ ಓದಿದಳು. ನೀರು, ಸಕ್ಕರೆ, ಬಣ್ಣ. “ನನ್ನ ಪಾಠ ಇಷ್ಟೇ,” ಎಂದು ಹೇಳಿ ಇಳಿದು ಬಂದುಬಿಟ್ಟರು. ಕಂಪನಿಯವರು ಏನಾಯಿತೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಆ ದಿನವೇ ಡಯೆಟಿಷಿಯನ್ ಸಂಘ ಬಿಟ್ಟರು.

ವಫ್ರಾಕ್ಕೆ ಹೋಗಿ ಆ ಮನುಷ್ಯನಿಗೆ ಹೇಳದಿದ್ದರೆ ನನಗೆ ನೆಮ್ಮದಿಯಿರಲಿಲ್ಲ. ಮುಂದಿನ ಶುಕ್ರವಾರ ಗಂಡ ಕಾರಿನಲ್ಲಿ ಕರೆದುಕೊಂಡು ಹೋದರು, ಡಯೆಟಿಷಿಯನ್ನೂ ಬಂದರು. ತಗಡಿನ ಕೋಣೆಯ ಮುಂದೆ ಅವರು ಬಟ್ಟೆ ಒಗೆಯುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ಫೋಟೋದ ದಿನ ಸುಮ್ಮನಿದ್ದದ್ದು ತಪ್ಪಾಯಿತು ಎಂದೂ ಹೇಳಿದೆ. ಅವರೂ ನನ್ನ ಜೊತೆ ಸಿಟ್ಟಾಗುತ್ತಾರೆ ಎಂದು ನಾನು ಎಣಿಸಿದ್ದೆನೋ ಏನೋ. ಅವರು ಒದ್ದೆ ಕೈ ಒರೆಸಿಕೊಂಡು ಮೊದಲು ನನ್ನ ಮೂಲ ಚಿತ್ರ ಕೇಳಿ ಇಸಿದುಕೊಂಡರು. ತುಂಬಾ ಹೊತ್ತು ನೋಡಿದರು.

“ಹೂವು ತೊಟ್ಟಿನ್ ಕಡೆ ಬರ್ದಿದೀರಲ್ಲಮ್ಮ,” ಎಂದರು. “ಸೌತೆಕಾಯ್ಗೆ ಹೂವು ಇರಾದು ಆ ಕೊನೆಗೆ. ನನ್ನ ಒಂದ್ ಮಾತು ಕೇಳಿದ್ರೆ ಅವತ್ತೇ ಹೇಳ್ತಿದ್ದೆ.”

ಕೋಪದಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು. ಮೂರು ವಾರ ಆ ಚಿತ್ರ ತಿದ್ದಿದ್ದೆ, ಸಮಿತಿಯ ಏಳೆಂಟು ಜನ ಅದನ್ನು ಹಿಡಿದು ನೋಡಿದ್ದರು, ಡಯೆಟಿಷಿಯನ್ ನೋಡಿದ್ದರು. ಬಣ್ಣ ಒಂದನ್ನು ಬಿಟ್ಟು ನಾವು ಯಾರೂ ಏನನ್ನೂ ನೋಡಿರಲಿಲ್ಲ. ಅಂಗಡಿಯ ಕಾಯಿಗೆ ಹೂವು ಎಲ್ಲಿರುತ್ತದೆ? ನನಗೆ ತೋಚಿದ ಕಡೆ ಅಂಟಿಸಿದ್ದೆ. ಅವರ ಕೈ ಬರೆಯಲು ಅವರನ್ನು ಕೇಳಿರಲಿಲ್ಲ, ಕಾಯಿ ಬರೆಯಲೂ ಕೇಳಿರಲಿಲ್ಲ. ಅಧ್ಯಕ್ಷರ ಮೇಲೆ ಹಾಕಿದ ನನ್ನ ಕೂಗೆಲ್ಲ ನನ್ನ ಕಿವಿಯಲ್ಲೇ ಗುಂಯ್ಗುಟ್ಟಿತು. ನಾಚಿಕೆಯಿಂದ, ಈಗ ಕೇಳುತ್ತಿದ್ದೇನೆ, ಈ ಕೈಯನ್ನು ನಾವು ಬಳಸಬಹುದೇ ಎಂದೆ. ಹೂವು ಸರಿಮಾಡಿ ತಂದು ತೋರಿಸಿ, ಆಮೇಲೆ ಹೇಳುತ್ತೇನೆ ಎಂದರು.

ಸರಿಮಾಡಿ ತೋರಿಸಿದೆ. ಒಪ್ಪಿದರು. ಡಯೆಟಿಷಿಯನ್ ಹೋಗುತ್ತಿದ್ದ ಚರ್ಚಿನ ಹಿಂದಿನ ಹಾಲ್‌ನಲ್ಲಿ ಶುಕ್ರವಾರ ಬೆಳಿಗ್ಗೆ ನಾನು, ಅವರು ಮತ್ತು ಸಂಘ ಬಿಟ್ಟು ಬಂದ ಮೂವರು ಹೆಂಗಸರು ಮಕ್ಕಳ ತರಗತಿ ಶುರುಮಾಡಿದೆವು. ಹದಿನೈದು ಮಕ್ಕಳು, ಕೆಲವೊಮ್ಮೆ ಇಪ್ಪತ್ತು. ಬಿಳಿ ಏಪ್ರನ್ನಿನ ಮೇಲೆ ಕಂದು ಕೈ. ಯಾವ ಮಗುವೂ ಅದನ್ನು ನೋಡಿ ಹೆದರಲಿಲ್ಲ. ಯಾರ ಕೈ ಎಂದು ಕೇಳುತ್ತಿದ್ದರು, ಹೇಳುತ್ತಿದ್ದೆವು. ಡಯೆಟಿಷಿಯನ್ ನಿವೃತ್ತರಾಗಿ ಊರಿಗೆ ಹೋಗುವವರೆಗೆ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅದು ನಡೆಯಿತು.

ಗುಲಾಬಿ ಕೈಯ ಸಂಘ ಎರಡು ವರ್ಷ ಬದುಕಿತ್ತು. ಜ್ಯೂಸ್ ಕಂಪನಿ ಬೇರೆ ಕಡೆ ತಿರುಗಿದ ಮೇಲೆ ಮುಚ್ಚಿಹೋಯಿತು. ಅದರಿಂದ ನನಗೆ ಸಮಾಧಾನವಾಯಿತು ಎಂದು ಯಾರಾದರೂ ತಿಳಿದರೆ ಅದು ಸುಳ್ಳು. ಆ ಎರಡು ವರ್ಷ ಶಾಲೆ ಶಾಲೆಯಲ್ಲೂ ನಮ್ಮ ಮಕ್ಕಳು ಆರೋಗ್ಯದ ಪಾಠ ಕೇಳಿ, ಸಕ್ಕರೆ ನೀರು ಕುಡಿದು, ನಾನು ಬರೆದ ಹೆಬ್ಬೆರಳಿನ ಸ್ಟಿಕ್ಕರ್ ಅಂಗಿಗೆ ಅಂಟಿಸಿಕೊಂಡು ಮನೆಗೆ ಹೋದರು.